ಮಲಗಿಸಿಟ್ಟ ಇಪ್ಪತ್ನಾಲ್ಕು ಬಾಟಲಿ

ವೈನಿನ ಬಾಟಲಿಯನ್ನು ನಿಲ್ಲಿಸಬಾರದು, ಮಲಗಿಸಬೇಕು. ಒಳಗಿನ ರಸ ಸದಾ ಬಿರಡೆಗೆ ತಾಗುತ್ತಿರಬೇಕು. ತಾಗದಿದ್ದರೆ ಬಿರಡೆ ಒಣಗಿ ಕುಗ್ಗುತ್ತದೆ, ಸಂದಿನಿಂದ ಗಾಳಿ ಒಳಗೆ ಹೋಗುತ್ತದೆ, ಗಾಳಿ ಹೊಕ್ಕ ವೈನು ಹುಳಿಯಾಗುತ್ತದೆ. ಬೆಳಕು ಬೀಳಬಾರದು. ಅಲುಗಬಾರದು. ಹತ್ತಿರದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಚಿಮಣಿ ಎಣ್ಣೆ ಇರಬಾರದು.

ಇಷ್ಟನ್ನು ನಾನು ೧೯೪೨ರ ಮೇ ತಿಂಗಳಲ್ಲಿ ಹೊಸ ನೋಟಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಆಗ ನನಗೆ ಹದಿನೇಳು. ಬರೆಸಿದವರು ಕೊಲ್ಹಾಪುರದ ಒಬ್ಬ ಪಾರ್ಸಿ ಡಾಕ್ಟರು. ನಾವು ಗಡಹಿಂಗ್ಲಜದ ಜೈನರು, ಬೆಲ್ಲದ ವ್ಯಾಪಾರಸ್ಥರು. ನಮ್ಮ ಮನೆಯಲ್ಲಿ ವೈನು ಕುಡಿಯುವುದಿರಲಿ, ಅದರ ಬಣ್ಣವನ್ನೂ ಯಾರೂ ಕಂಡಿರಲಿಲ್ಲ. ಆರನೆಯ ವಯಸ್ಸಿನಲ್ಲಿ ನನಗೆ ವಿಷಮಜ್ವರ ಬಂದಾಗ ಈ ಡಾಕ್ಟರು ಹದಿನೆಂಟು ದಿನ ತಮ್ಮ ಬಂಗಲೆಯ ಹಿಂದಿನ ಕೋಣೆಯಲ್ಲಿ ನನ್ನನ್ನು ಇಟ್ಟುಕೊಂಡು ಉಳಿಸಿದ್ದರು. ಹಾಗಾಗಿ ಅವರು ಅಪ್ಪನಿಗೆ ಒಂದು ಮಾತು ಕೇಳಿದಾಗ ಅಪ್ಪ ಇಲ್ಲವೆನ್ನಲಿಲ್ಲ.

ಕೇಳಿದ್ದು ಇದು. ಡಾಕ್ಟರ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು. ಅವಳು ಹುಟ್ಟಿದ ವರ್ಷ ಗೋವೆಯಿಂದ ಇಪ್ಪತ್ನಾಲ್ಕು ಬಾಟಲಿ ಕೆಂಪು ವೈನು ತರಿಸಿ, ಅವಳ ಮದುವೆಯ ದಿನ ತೆಗೆಯುವುದೆಂದು ಬಂಗಲೆಯ ತಳಘರದಲ್ಲಿ ಮಲಗಿಸಿಟ್ಟಿದ್ದರು. ಪ್ರತಿ ಹುಟ್ಟುಹಬ್ಬಕ್ಕೆ ಅವಳು ಒಂದೊಂದು ಬಾಟಲಿಯ ಚೀಟಿಯ ಮೇಲೆ ಪೆನ್ಸಿಲಿನಿಂದ ತನ್ನ ವಯಸ್ಸು ಬರೆಯುತ್ತಿದ್ದಳು. ಇಪ್ಪತ್ತೊಂದರವರೆಗೆ ಬರೆದಳು. ಆಮೇಲೆ ನರ್ಸಾಗಿ ರಂಗೂನಿಗೆ ಹೋದಳು. ಅಲ್ಲಿಗೆ ಯುದ್ಧ ಬಂತು. ಆಸ್ಪತ್ರೆಯವರೆಲ್ಲ ಕಾಲ್ನಡಿಗೆಯಲ್ಲಿ ಕಾಡು ಹಿಡಿದು ಹೊರಟರು ಎಂಬಲ್ಲಿಗೆ ಸುದ್ದಿ ನಿಂತುಹೋಯಿತು. ಡಾಕ್ಟರು ಕೆಲಸ ನಿಲ್ಲಿಸಿ, ಬಂಗಲೆ ಬಿಟ್ಟು, ಪೇಟೆಯಲ್ಲಿ ತಗಡಿನ ಮಾಳಿಗೆಯ ಎರಡು ಕೋಣೆ ಹಿಡಿದಿದ್ದರು. ಆ ತಗಡಿನ ಕೆಳಗೆ ವೈನು ಒಂದು ಬೇಸಿಗೆಯೂ ಉಳಿಯುವುದಿಲ್ಲ.

"ಆಕಿ ಬಂದಕೂಡ್ಲೆ ಮೊದಲ ಇದನ್ನ ಕೇಳ್ತಾಳ್ರಿ," ಎಂದರು ಅಪ್ಪನಿಗೆ. "ನಿಮ್ಮ ಮನಿ ಭಾಳ ಬೇಸ್. ಕುಡಿಯವರಿಲ್ಲ, ಉಳ್ಳಾಗಡ್ಡಿ ಇಲ್ಲ. ಹಿಂಥಾ ಮನಿ ವಿಲಾಯತಿಯೊಳಗೂ ಸಿಗಾಂಗಿಲ್ಲ."

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದನ್ನು ಕೇಳಿ ಕೈಯಲ್ಲಿದ್ದ ಜರಡಿ ಕೆಳಗಿಟ್ಟಳು.

"ಮನ್ಯಾಗ ಮದ್ಯ ಇಡತೀ? ನಾಳೆ ಮುನಿಗಳು ಆಹಾರಕ್ಕ ಬಂದ್ರ ಏನ್ ಹೇಳ್ಲಿ? ತಳಘರದಾಗ ದಾರೂ ಐತಿ, ಮ್ಯಾಲ ಬರ್ರಿ ಅಂತ ಹೇಳ್ಲಿ?"

"ಕುಡಿಯಾಕಲ್ಲಬೇ. ಕಾಯಾಕ."

"ಬೆಕ್ಕೂ ಹಾಲು ಕಾಯಾಕ ಕುಂದರತೈತಿ."

"ನಿನ್ನ ಮೊಮ್ಮಗನ್ನ ಕಾಯ್ದು ಕೊಟ್ಟವರ ಮಾಲು ಅದು."

ಆಯಿ ನನ್ನತ್ತ ನೋಡಿದಳು. ಜರಡಿ ಎತ್ತಿಕೊಂಡಳು. ಅಷ್ಟೇ ಅವಳ ಒಪ್ಪಿಗೆ.

ಮೊದಲು ಬಾಟಲಿಗಳು ಇಚಲಕರಂಜಿಯಲ್ಲಿ ನನ್ನ ಅಕ್ಕನ ಮನೆಗೆ ಹೋದವು. ಕೊಲ್ಹಾಪುರಕ್ಕೆ ಹತ್ತಿರ, ಹಿಂದೆ ಕಲ್ಲಿನ ಕೋಣೆಯಿತ್ತು. ಆ ಕೋಣೆಯ ಗೋಡೆಗೆ ಹತ್ತಿಕೊಂಡೇ ಭಾವನ ಮಗ್ಗದ ಶೆಡ್ಡು. ನಾನು ಒಂದು ಬಟ್ಟಲು ನೀರನ್ನು ಬಾಟಲಿಗಳ ನಡುವೆ ಇಟ್ಟು ನೋಡಿದೆ. ಮಗ್ಗ ಓಡುತ್ತಿರುವಾಗ ನೀರಿನ ಮೇಲೆ ಉಂಗುರ ಏಳುವುದು ನಿಲ್ಲುತ್ತಲೇ ಇರಲಿಲ್ಲ. ಮೇಣದಬತ್ತಿ ಹಿಡಿದು ನೋಡಿದರೆ ಬಾಟಲಿಯ ತಳದ ಗಸಿ ಹೊಗೆಯಂತೆ ಮೇಲಕ್ಕೆದ್ದಿತ್ತು. "ಊರಿಗೆ ಊರೇ ನಡಗತೈತಿ, ನಿನ್ನ ಸೀಸೆ ನಡಗಬಾರ್ದು ಅಂದ್ರ ಹ್ಯಾಂಗೋ ತಮ್ಮಾ?" ಎಂದು ಅಕ್ಕ ನಕ್ಕಳು. ಹತ್ತೊಂಬತ್ತು ದಿನ ಅಲ್ಲಿದ್ದವು. ಇಪ್ಪತ್ತನೆಯ ದಿನ ಚಕ್ಕಡಿಯಲ್ಲಿ ಮೊಳಕಾಲುದ್ದ ಹುಲ್ಲು ಹಾಸಿ, ನಿಪ್ಪಾಣಿ ಸಂಕೇಶ್ವರದ ಮೇಲೆ, ಎರಡು ದಿನ ಎತ್ತುಗಳನ್ನು ಓಡಲು ಬಿಡದೆ ಗಡಹಿಂಗ್ಲಜಕ್ಕೆ ತಂದೆ.

ನಮ್ಮ ತಳಘರಕ್ಕೆ ಹನ್ನೊಂದು ಮೆಟ್ಟಿಲು. ಅಪ್ಪ ಅಲ್ಲಿದ್ದ ಬೆಲ್ಲದ ಅಚ್ಚುಗಳನ್ನು ಮೇಲೆ ಸಾಗಿಸಿ, ನೆಲಕ್ಕೆ ಹೊಳೆಯ ಉಸುಕು ಹಾಸಿಸಿದ. ಅದರಲ್ಲಿ ಆರಾರರಂತೆ ನಾಲ್ಕು ಸಾಲು ಮಲಗಿಸಿದೆ, ಚೀಟಿ ಮೇಲೆ, ಅವಳ ವಯಸ್ಸಿನ ಕ್ರಮದಲ್ಲಿ. ಒಂದು, ಎರಡು, ಮೂರರಲ್ಲಿ ತಂದೆ ಕೈ ಹಿಡಿದು ಬರೆಸಿದ್ದು ಕಾಣುತ್ತಿತ್ತು. ನಾಲ್ಕು ಅವಳೇ ಬರೆದದ್ದು, ಚೀಟಿ ದಾಟಿ ಗಾಜಿನ ಮೇಲೆ ಹೋಗಿತ್ತು. ಏಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆದಿದ್ದಳು. ಹನ್ನೆರಡರ ಹೊತ್ತಿಗೆ ಅಕ್ಷರ ದುಂಡಗಾಗಿತ್ತು. ಹದಿನೇಳರ ಕೆಳಗೆ ಒಂದು ಗೆರೆ ಎಳೆದಿದ್ದಳು, ಯಾಕೆಂದು ತಿಳಿಯದು. ಇಪ್ಪತ್ತೊಂದು ಅವಸರದಲ್ಲಿ ಬರೆದದ್ದು. ಕೊನೆಯ ಮೂರು ಖಾಲಿ.

ಅವಳ ಮುಖ ನಾನು ಒಮ್ಮೆಯೂ ನೋಡಲಿಲ್ಲ. ಜ್ವರದ ಹದಿನೆಂಟು ದಿನದಲ್ಲಿ ಬಾಗಿಲಾಚೆ ಒಂದು ಹುಡುಗಿ ಓಡಾಡಿದ ಸದ್ದು ಮಾತ್ರ ನೆನಪಿದೆ. ಆದರೆ ದಿನಾ ಬೆಳಿಗ್ಗೆ ಮೇಣದಬತ್ತಿ ಹಿಡಿದು ಆ ಸಾಲಿನ ಮುಂದೆ ನಡೆಯುವಾಗ ಒಬ್ಬಳು ಆರು ಹೆಜ್ಜೆಗೆ ಆರು ವರ್ಷ ದೊಡ್ಡವಳಾಗುವುದನ್ನು ನೋಡುತ್ತಿದ್ದೆ. ಬತ್ತಿಯನ್ನು ಗಾಜಿನ ಹಿಂದೆ ಹಿಡಿದರೆ ಉಸುಕಿನ ಮೇಲೆ ಕೆಂಪು ಬೆಳಕು ಬೀಳುತ್ತಿತ್ತು. ನಾನು ಕೈ ಹಿಂದೆ ತೆಗೆದರೂ ಅದು ಒಂದು ಕ್ಷಣ ಅಲ್ಲೇ ಉಳಿದಂತೆ ಅನಿಸುತ್ತಿತ್ತು. ಮೆಟ್ಟಿಲು ಹತ್ತುವಾಗ ಬೆನ್ನು ತಿರುಗಿಸುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಕೊನೆಯ ಮೂರು ಮೆಟ್ಟಿಲನ್ನು ಹಿಮ್ಮುಖವಾಗಿ ಹತ್ತುತ್ತಿದ್ದೆ. ಇದನ್ನು ನೋಟಬುಕ್ಕಿನಲ್ಲಿ ಬರೆದಿಲ್ಲ.

ಬರೆದದ್ದು: ತಾರೀಖು, ಬಾಟಲಿ ಎಷ್ಟು, ಡಾಕ್ಟರು ಕೊಟ್ಟ ಗೋಡೆ ಥರ್ಮಾಮೀಟರಿನ ಅಂಕಿ, ವಾಸನೆ ಇದೆಯೋ ಇಲ್ಲವೋ, ಬಿರಡೆಯಲ್ಲಿ ಹನಿ ಇದೆಯೋ ಇಲ್ಲವೋ. ತಿಂಗಳ ಮೊದಲ ದಿನ ಡಾಕ್ಟರಿಗೆ ಒಂದು ಕಾರ್ಡು: "ಇಪ್ಪತ್ನಾಲ್ಕೂ ಕ್ಷೇಮ." ಅವರು ತಿರುಗಿ ಬರೆಯುತ್ತಿದ್ದರು. ಒಂದು ಸಲ ಹೀಗೆ ಬರೆದರು: "ಮಗಳ ಸುದ್ದಿ ಎಲ್ಲಿಂದಲೂ ಇಲ್ಲ. ನಿನ್ನ ಕಾರ್ಡು ಬಂದ ದಿನ ಒಂದು ರೊಟ್ಟಿ ಹೆಚ್ಚು ತಿನ್ನುತ್ತೇನೆ." ಆ ಕಾರ್ಡನ್ನು ಓದಿದ ಮೇಲೆ ನನ್ನ ಕೆಲಸ ಏನೆಂದು ನನಗೆ ಪೂರ್ತಿ ತಿಳಿಯಿತು. ವೈನು ಕೆಡದೆ ಇದ್ದಷ್ಟು ದಿನ ಅವರ ಪಾಲಿಗೆ ಅವಳು ದಾರಿಯಲ್ಲಿದ್ದಳು.

ಒಂದು ವರ್ಷ ಎಲ್ಲ ಸರಿಯಾಗಿತ್ತು. ೧೯೪೩ರ ಆಷಾಢದಲ್ಲಿ, ಚಾತುರ್ಮಾಸ ಕೂಡುವ ಹೊತ್ತಿಗೆ, ಎರಡು ಬಾಟಲಿಗಳ ಬಿರಡೆಯಲ್ಲಿ ಸಾಸಿವೆಯಷ್ಟು ಹನಿ ಕಂಡಿತು. ಹಳೆಯ ಬಿರಡೆ ಇಷ್ಟು ಬೆವರುವುದುಂಟು, ಹೆದರಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಆ ಸಿಹಿಗೆ ಇರುವೆ ಬಂದವು. ಬಂದವೆಲ್ಲ ಅದರಲ್ಲೇ ಅಂಟಿಕೊಂಡು ಸತ್ತವು.

ಚಾತುರ್ಮಾಸದ ನಾಲ್ಕು ತಿಂಗಳು ನಮ್ಮಲ್ಲಿ ಜೀವಹಿಂಸೆಯ ಬಗ್ಗೆ ಎಚ್ಚರ ಹೆಚ್ಚು. ಹಸಿರು ಸೊಪ್ಪು ಒಳಗೆ ಬರುವುದಿಲ್ಲ, ನೀರನ್ನು ಎರಡು ಪದರದಲ್ಲಿ ಸೋಸುತ್ತಾರೆ, ನೆಲ ಗುಡಿಸುವುದಕ್ಕೂ ಮೆತ್ತನೆಯ ಪೊರಕೆ. ಆಯಿ ಮೊಣಕಾಲು ಹಿಡಿದುಕೊಂಡು ತಳಘರಕ್ಕೆ ಇಳಿದು ಬಂದಳು. ಬಾಗಿ ನೋಡಿದಳು.

"ಎಷ್ಟು ಸತ್ತಾವ?"

"ಹದಿನಾಲ್ಕು," ಎಂದೆ. ಎಣಿಸಿದ್ದೆ.

"ಎಣಸಾಕ ಬರತೈತಿ, ಉಳಸಾಕ ಬರೂದಿಲ್ಲ? ನೆಟ್ಟಗ ನಿಂದ್ರಸು ಅವನ್ನ. ನಿಂತ್ರ ಸೋರೂದಿಲ್ಲ."

"ನಿಂದ್ರಸಬಾರ್ದು ಅಂದಾರ ಆಯಿ, ಡಾಕ್ಟರು."

"ನಾಕ ತಿಂಗಳಿಗೆ ಏನಾಗತೈತೋ? ಇಪ್ಪತ್ತಮೂರು ವರ್ಷ ಮಲಗ್ಯಾವಲ್ಲ, ಮೈ ಮುರಿಲಿ. ಆ ಹುಡುಗಿ ಹೆಸರ್ಲೆ ಇಟ್ಟದ್ದು ಅಂತೀ. ಆಕಿ ಹೆಸರ್ಲೆ ಜೀವ ಹೋದ್ರ ಆಕಿಗೆ ಒಳ್ಳೇದೇನು?"

ಎಲ್ಲ ಇಪ್ಪತ್ನಾಲ್ಕನ್ನೂ ಎತ್ತಿ ನಿಲ್ಲಿಸಿದೆ. ಇರುವೆ ಹಾಯದಂತೆ ಸುತ್ತಲೂ ನೀರು ತಾಗದ ಸುಟ್ಟ ಸುಣ್ಣದ ಪುಡಿ ದಪ್ಪಗೆ ಹರಡಿದೆ. ಸುಣ್ಣ ಕೋಣೆಯ ತೇವವನ್ನೆಲ್ಲ ಕುಡಿಯಿತು. ಹೊರಗೆ ಮಳೆಗಾಲ, ಒಳಗೆ ತುಟಿ ಒಡೆಯುವಷ್ಟು ಒಣಹವೆ. ನಿಂತ ಬಾಟಲಿಗಳು ಮಲಗಿದ್ದವಕ್ಕಿಂತ ಹೆಚ್ಚು ಜನರಂತೆ ಕಾಣುತ್ತಿದ್ದವು. ಅಂಕಿ ಬರೆದ ಚೀಟಿಗಳೆಲ್ಲ ನನ್ನ ಕಡೆ ಮುಖ ಮಾಡಿದ್ದವು. ಆ ನಾಲ್ಕು ತಿಂಗಳು ನೋಟಬುಕ್ಕಿನಲ್ಲಿ "ಹನಿ ಇಲ್ಲ, ಇರುವೆ ಇಲ್ಲ" ಎಂದು ಸಂತೋಷದಿಂದ ಬರೆದೆ. ಡಾಕ್ಟರಿಗೆ ನಿಲ್ಲಿಸಿದ ವಿಷಯ ಬರೆಯಲಿಲ್ಲ. ಕ್ಷೇಮ ಎಂದಷ್ಟೇ ಬರೆದೆ. ಆಗ ಅದು ಸುಳ್ಳೆಂದು ನನಗೆ ಅನಿಸಿರಲಿಲ್ಲ.

ಕಾರ್ತಿಕ ಹುಣ್ಣಿಮೆಗೆ ಚಾತುರ್ಮಾಸ ಮುಗಿಯಿತು. ಮರುದಿನ ಎಲ್ಲವನ್ನೂ ತಿರುಗಿ ಮಲಗಿಸಿದೆ. ಅದಾಗಿ ನಾಲ್ಕು ದಿನಕ್ಕೆ ಅಕ್ಕನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ನಾನು ಇಚಲಕರಂಜಿಗೆ ಹೋದೆ. ಹನ್ನೊಂದು ದಿನ ಅಲ್ಲಿದ್ದೆ. ಆ ಹನ್ನೊಂದು ದಿನ ತಳಘರದ ಬಾಗಿಲನ್ನು ಯಾರೂ ತೆಗೆಯಲಿಲ್ಲ.

ತಿರುಗಿ ಬಂದ ದಿನ, ಐದನೆಯ ಮೆಟ್ಟಿಲಿನಲ್ಲೇ ವಾಸನೆ ಬಂತು. ಹುಳಿಯೇರಿದ ಅಂಬಲಿಯ ವಾಸನೆ. ಏಳನೆಯ ಬಾಟಲಿಯ ಕೆಳಗೆ ಉಸುಕು ಅಂಗೈಯಗಲ ಕಪ್ಪಾಗಿತ್ತು. ಎತ್ತಿ ನೆಟ್ಟಗೆ ಹಿಡಿದರೆ ರಸ ಕೊರಳಿಗಿಂತ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಸೋರಿದ್ದು ಚೀಟಿಗೂ ಹತ್ತಿ, ತಿರುವಿ ಬರೆದ ಆ ಏಳು ಅರ್ಧ ಕರಗಿತ್ತು.

ಮೊದಲು ನಾನು ಮಾಡಿದ್ದೇನೆಂದರೆ, ನೋಟಬುಕ್ಕು ತೆಗೆದು ಆ ಹನ್ನೊಂದು ಗೆರೆಗಳನ್ನು ತುಂಬಿದೆ. ಖಾಲಿ ಗೆರೆ ಬಿಡುವುದು ನನ್ನಿಂದ ಆಗದ ಕೆಲಸ. ಥರ್ಮಾಮೀಟರಿನ ಅಂಕಿಗಳನ್ನು ಅಂದಾಜಿನಿಂದ ಹಾಕಿದೆ. ಏಳು ಯಾವಾಗ ಸೋರಿತೆಂದು ನನಗೆ ಗೊತ್ತಿರಲಿಲ್ಲ. ಕಲೆ ಅಂಚಿನಲ್ಲಿ ಒಣಗಿತ್ತು, ನಡುವೆ ಹಸಿಯಿತ್ತು. ಹಾಗಾದರೆ ಆರೇಳು ದಿನ ಆಗಿರಬೇಕೆಂದು ಲೆಕ್ಕ ಮಾಡಿ, ಹನ್ನೊಂದರ ನಡುವಿನ ಗೆರೆಯಲ್ಲಿ, ನವೆಂಬರ್ ೨೨ರ ಎದುರು, "ಏಳು ಹೋಯಿತು" ಎಂದು ಬರೆದೆ. ಅದೇ ಮಸಿ, ಅದೇ ಸಣ್ಣ ಅಕ್ಷರ. ಓದಿದವರಿಗೆ ನಾನು ಅಲ್ಲಿ ನಿಂತು ನೋಡಿದಂತೆಯೇ ಇತ್ತು.

ಮುಂದಿನ ಬೇಸಿಗೆಯ ಒಳಗೆ ಇನ್ನೂ ಎಂಟು ಹೋದವು. ಅವುಗಳ ದಿನಗಳು ಸರಿಯಾಗಿವೆ, ಕಣ್ಣಾರೆ ಕಂಡು ಬರೆದವು. ಹೋದವುಗಳ ಬಾಯಿಗೆ ಮೇಣದಬತ್ತಿ ಕರಗಿಸಿ ಹಚ್ಚಿದೆ. ಸುಣ್ಣ ಬಳಿದು ತೆಗೆದು, ಉಸುಕಿಗೆ ನೀರು ಚಿಮುಕಿಸಿದೆ. ಉಳಿದ ಹದಿನೈದು ಕೆಡಲಿಲ್ಲ. ಕಾರ್ಡಿನಲ್ಲಿ "ಇಪ್ಪತ್ನಾಲ್ಕೂ ಕ್ಷೇಮ" ಎಂದೇ ಬರೆಯುತ್ತ ಹೋದೆ. ಒಬ್ಬ ಮುದುಕನ ಒಂದು ರೊಟ್ಟಿ ಅದರ ಮೇಲೆ ನಿಂತಿತ್ತು. ಆಯಿಗೆ ವಾಸನೆ ಹತ್ತಿತ್ತು.

"ಹೇಳಿಬಿಡೋ ಅವರಿಗೆ," ಎಂದಳು ಒಂದು ದಿನ. "ನಿಂದ್ರಸು ಅಂದಾಕಿ ನಾನು. ನನ್ನ ಹೆಸರು ಹಾಕು."

"ಹೇಳಿದ್ರ ಅವರು ಊಟ ಬಿಡತಾರ, ಆಯಿ."

"ಸುಳ್ಳು ಉಣಸೂದೂ ಹಿಂಸಾನ, ತಮ್ಮಾ."

ನಾನು ಬರೆಯಲಿಲ್ಲ. ಯುದ್ಧ ಮುಗಿಯಿತು. ಹೋದವರಲ್ಲಿ ಕೆಲವರು ಬಂದರು, ಕೆಲವರ ಸುದ್ದಿ ಬಂತು. ಅವಳದು ಯಾವುದೂ ಬರಲಿಲ್ಲ.

೧೯೪೬ರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಡಾಕ್ಟರು ಹೇಳದೆ ಕೇಳದೆ ಕೊಲ್ಹಾಪುರದ ಮೋಟಾರಿನಿಂದ ಇಳಿದು, ಕೊಡೆ ಊರಿಕೊಂಡು ನಮ್ಮ ಕಟ್ಟೆಗೆ ಬಂದು ಕುಳಿತರು. ಅಪ್ಪ ಪೇಟೆಗೆ ಹೋಗಿದ್ದ. ಅವರ ಕೋಟು ಬೇರೆಯವರದ್ದನ್ನು ಹಾಕಿಕೊಂಡಂತೆ ದೊಡ್ಡದಾಗಿತ್ತು. ಆಯಿ ನೀರು ಕೊಟ್ಟಳು.

"ನೋಡೂಣ ನಡಿ ಬಾಳಾ," ಎಂದರು ನನಗೆ. ಸಣ್ಣವನಿದ್ದಾಗಿನಿಂದಲೂ ನನ್ನನ್ನು ಮರಾಠಿಯಲ್ಲಿ ಹಾಗೆಯೇ ಕರೆಯುತ್ತಿದ್ದರು.

ಹನ್ನೊಂದು ಮೆಟ್ಟಿಲನ್ನೂ ಅವರ ಮೊಳಕೈ ಹಿಡಿದು ಇಳಿಸಿದೆ. ಅವರು ಬತ್ತಿ ಕೇಳಿದರು. ಒಂದರಿಂದ ಶುರುಮಾಡಿದರು. ಒಂದರ ಬಾಯಿಗೆ ಮೇಣ ಇರಲಿಲ್ಲ. ಎರಡಕ್ಕಿತ್ತು. ಅಲ್ಲಿ ನಿಂತರು, ಗಾಜಿನ ಹಿಂದೆ ಬತ್ತಿ ಹಿಡಿದರು, ಮುಂದೆ ನಡೆದರು. ಏಳರ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಚೀಟಿಯ ಮೇಲೆ ಹೆಬ್ಬೆರಳಾಡಿಸಿದರು. ಕೊನೆಯವರೆಗೆ ಹೋಗಿ ತಿರುಗಿ ಬಂದು ಮೆಟ್ಟಿಲ ಮೇಲೆ ಕುಳಿತರು.

"ಒಂಬತ್ತು," ಎಂದರು.

"ಹೌದ್ರಿ."

"ಕಾರ್ಡಿನಾಗ ಬ್ಯಾರೆ ಬರಿತಿದ್ದಿ."

ನಾನು ಇರುವೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಆಯಿಯ ಹೆಸರು ಹಾಕಲಿಲ್ಲ. ನಿಲ್ಲಿಸಿದ ಕೈ ನನ್ನದು. ಅವರು ಬೈಯಲಿಲ್ಲ. ಇರುವೆಯ ಮಾತಿಗೆ ಒಮ್ಮೆ ನಕ್ಕಂತೆಯೂ ಆಯಿತು. "ಖರೇ ಲೆಕ್ಕಾ ಎಲ್ಲೆರೆ ಬರದೀ ಏನು?" ಎಂದು ಕೇಳಿದರು. ನೋಟಬುಕ್ಕು ಕೊಟ್ಟೆ. ಬತ್ತಿಯನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಹಾಕಿಕೊಂಡು, ಒಂದೊಂದೇ ಹಾಳೆ ತಿರುವಿದರು. ನವೆಂಬರಿನ ಹಾಳೆಯಲ್ಲಿ ಅವರ ಬೆರಳು ನಿಂತಿತು.

"ಏಳು ಮೊದಲ ಹೋತು."

"ಹೌದ್ರಿ."

ಬೆರಳನ್ನು ಆ ಗೆರೆಯ ಉದ್ದಕ್ಕೂ ಎಳೆದರು. ಆಮೇಲೆ ಮರಾಠಿಯಲ್ಲಿ, ನನಗಲ್ಲ ಎನ್ನುವಂತೆ, ಹೇಳಿದರು. ಅವರಲ್ಲಿ ಸತ್ತವರಿಗೆ ಪ್ರಾರ್ಥನೆ ಮಾಡಿಸಬೇಕಾದರೆ ದಿನ ಬೇಕು. ಪುಣೆಯ ಧರ್ಮಗುರುಗಳ ಹತ್ತಿರ ಎರಡು ಸಲ ಹೋಗಿದ್ದರಂತೆ. ಯಾವ ದಿನ ಎಂದು ಅವರು ಕೇಳಿದರಂತೆ. ಗೊತ್ತಿಲ್ಲ ಎಂದು ತಿರುಗಿ ಬಂದಿದ್ದರಂತೆ. ಸರಕಾರದ ಕಚೇರಿಗಳಿಗೆ ಬರೆದರೆ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಉತ್ತರ. "ಇಷ್ಟು ಜನ ಲೆಕ್ಕಾ ಬರಿತಾರ," ಎಂದು ತಿರುಗಿ ಕನ್ನಡಕ್ಕೆ ಬಂದರು. "ನನ್ನ ಮಗಳಿಗೆ ಒಂದು ತಾರೀಖು ಕೊಡಾಕ ಯಾರ ಕಡೆನೂ ಆಗಲಿಲ್ಲ. ನಿನ್ನ ಕಡೆ ಐತಿ. ಮೊದಲನೇ ಬಾಟ್ಲಿ ಹೋದ ದಿನ."

ಕಿಸೆಯಿಂದ ಔಷಧ ಬರೆಯುವ ಚೀಟಿ ತೆಗೆದರು. ಪೆನ್ನಿನ ಮುಚ್ಚಳ ಬಿಚ್ಚಿದರು. ನಾನು ಹೇಳಬೇಕಾಗಿದ್ದದ್ದು ಆಗ. ಆ ದಿನ ನಾನು ಇಲ್ಲಿರಲಿಲ್ಲ, ಅಕ್ಕನ ಮನೆಯಲ್ಲಿ ತೊಟ್ಟಿಲಿನ ಹೋಳಿಗೆ ತಿನ್ನುತ್ತಿದ್ದೆ, ಆ ಗೆರೆ ಅಂದಾಜು ಎಂದು. ಬಾಯಿ ತೆರೆದೆ.

"ಇನ್ನೊಂದು," ಎಂದರು ಅವರು. "ನಮ್ಮ ಲೆಕ್ಕದಾಗ ದಿನ ಸುರುವಾಗೂದು ಹೊತ್ತು ಹುಟ್ಟಿದ ಮ್ಯಾಲೆ. ನೀ ನೋಡಿದ್ದು ಹೊತ್ತು ಹುಟ್ಟೂಕಿಂತ ಮೊದಲೋ, ಆಮ್ಯಾಲೋ? ಗುರುಗಳು ಕೇಳತಾರ."

ಅವರ ಪೆನ್ನು ಚೀಟಿಯ ಮೇಲೆ ಕಾಯುತ್ತಿತ್ತು. ನಾನು ಬತ್ತಿಯನ್ನು ಚೀಟಿಯ ಹತ್ತಿರಕ್ಕೆ ಹಿಡಿದೆ.

"ಆಮ್ಯಾಲೆ," ಎಂದೆ. "ಹೊತ್ತು ಹುಟ್ಟಿದ ಮ್ಯಾಲ್ರಿ."

ಅವರು ಬರೆದುಕೊಂಡರು. ಮಸಿ ಆರುವವರೆಗೆ ಊದಿ, ಮಡಚಿ ಕಿಸೆಗೆ ಹಾಕಿಕೊಂಡರು. ಏಳನೆಯ ಬಾಟಲಿಯನ್ನು ಟವಲಿನಲ್ಲಿ ಸುತ್ತಿಕೊಟ್ಟೆ. ಉಳಿದ ಹದಿನೈದರ ಬಗ್ಗೆ ಕೇಳಿದ್ದಕ್ಕೆ, "ಮಲಗಿರ್ಲಿ," ಎಂದಷ್ಟೇ ಹೇಳಿದರು. ಆಯಿ ಹೊತ್ತು ಮುಳುಗುವ ಮುನ್ನ ಬಡಿಸಿದಳು. ಎರಡು ರೊಟ್ಟಿ ತಿಂದು ಮೂರನೆಯದನ್ನು ಕೇಳಿದರು. ಬಡಿಸುತ್ತ ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಆ ವರ್ಷದ ನವೆಂಬರ್ ಕೊನೆಗೆ ಪುಣೆಯಿಂದ ಕಾರ್ಡು ಬಂತು: ಪ್ರಾರ್ಥನೆ ಆಯಿತು, ನಾಲ್ಕು ವರ್ಷದ ಮೇಲೆ ನಿದ್ದೆ ಬಂತು. ಮರು ವರ್ಷವೂ ಬಂತು. ನಾನು ದಿನಾ ಬೆಳಿಗ್ಗೆ ತಳಘರಕ್ಕೆ ಇಳಿಯುವುದನ್ನು ಬಿಡಲಿಲ್ಲ, ಆದರೆ ಮೆಟ್ಟಿಲನ್ನೆಲ್ಲ ಹಿಮ್ಮುಖವಾಗಿಯೇ ಹತ್ತುವಂತಾಯಿತು. ಆರಕ್ಕೆ ಮೊದಲ ಸಾಲು ಮುಗಿದರೆ, ಎರಡನೆಯ ಸಾಲಿನಲ್ಲಿ ಎಂಟರ ಮೊದಲು ಉಸುಕಿನಲ್ಲಿ ಬಾಟಲಿಯಾಕಾರದ ತಗ್ಗು. ಆ ತಗ್ಗನ್ನು ಎಷ್ಟು ಸಲ ಸಮ ಮಾಡಿದರೂ ಮರುದಿನ ಕಾಣುತ್ತಿತ್ತು. ಹನ್ನೊಂದು ದಿನಗಳಲ್ಲಿ ಯಾವುದೋ ಒಂದು ದಿನ ಅದು ಸೋರಿತ್ತು. ಇಪ್ಪತ್ತೊಂದು ಬರೆದವಳು ಯಾವ ವರ್ಷ, ಯಾವ ಕಾಡಿನಲ್ಲಿ, ಯಾವ ದಿನ ಹೋದಳು? ನಾನು ಕೊಟ್ಟ ದಿನದಲ್ಲಿ ಅವಳು ಎಲ್ಲೋ ಬದುಕಿದ್ದು, ಅನ್ನ ಬೇಯಿಸಿಕೊಳ್ಳುತ್ತಿದ್ದಿರಬಹುದು.

ಕಳೆದ ವರ್ಷ, ೧೯೪೮ರ ನವೆಂಬರಿನಲ್ಲಿ, ಹೇಳಿಯೇ ಬಿಡುವುದೆಂದು ನೋಟಬುಕ್ಕು ತೆಗೆದುಕೊಂಡು ಕೊಲ್ಹಾಪುರಕ್ಕೆ ಹೋದೆ. ೨೨ರ ಹಿಂದಿನ ದಿನವೇ ಹೋಗಿ ಧರ್ಮಶಾಲೆಯಲ್ಲಿ ಇಳಿದು, ಬೆಳಗಾಗುವ ಮೊದಲು ಅವರ ತಗಡಿನ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಈಗ ಪುಣೆಯವರೆಗೆ ಹೋಗಲು ಅವರಿಗೆ ಆಗುವುದಿಲ್ಲ. ಬಿಳಿಯ ಬಟ್ಟೆ ಉಟ್ಟು, ಮೂಡಲ ಕಡೆಯ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನೀರು, ನೀರಿನ ಮೇಲೆ ಎಣ್ಣೆ, ಎಣ್ಣೆಯಲ್ಲಿ ತೇಲುವ ಬತ್ತಿ, ಇನ್ನೂ ಹಚ್ಚಿರಲಿಲ್ಲ. ಅದರ ಹಿಂದೆ ಅವಳ ಫೋಟೋ ಇತ್ತು. ಕೋಣೆ ಕತ್ತಲಿದ್ದುದರಿಂದ ಮುಖ ತಿಳಿಯಲಿಲ್ಲ.

"ಬಂದೇನು ಬಾಳಾ? ಕುಂದ್ರು. ಹೊತ್ತು ಹುಟ್ಟಿದ ಮ್ಯಾಲಲ್ಲ, ನೀ ಹೇಳಿದ್ದು? ನಾ ಮೊದಲ ಎದ್ದು ಕಾಯ್ತೇನಿ, ತಪ್ಪಬಾರ್ದು ಅಂತ."

ನಾನು ಮೊಳಕಾಲ ಮೇಲೆ ನೋಟಬುಕ್ಕು ಇಟ್ಟುಕೊಂಡು ಕುಳಿತೆ. ಎದುರು ಮನೆಗಳ ಹಂಚಿನ ಮೇಲೆ ಬೆಳಕು ಏರುತ್ತ ಬಂತು. ಮೊದಲ ಬಿಸಿಲು ಕಿಟಕಿಯ ಕಂಬಿಗೆ ತಾಗಿದಾಗ ಅವರು ಕಡ್ಡಿಪೆಟ್ಟಿಗೆಯನ್ನು ನನ್ನತ್ತ ಚಾಚಿದರು.

"ನೀನ ಹಚ್ಚು. ನೋಡಿದಾವ ನೀನು."

ಮೊದಲ ಕಡ್ಡಿ ಆರಿತು. ಎರಡನೆಯದು ಹತ್ತಿತು.